ಮೊಬೈಲಿಗೂ ಜಾಲಕ್ಕೂ ಒಂದೇ ಗ್ರಂಥ: ಮುಕ್ತ ತಂತ್ರಾಂಶ ಸಾಧನಗಳ ತಾರತಮ್ಯ ವಿಚಾರ

೧. ಉಪಕ್ರಮ

ಹಿಂದೆ ಪಂಡಿತನಾದವನು ಗ್ರಂಥವನ್ನು ರಚಿಸಿ, ಕರಡಚ್ಚನ್ನು ತಿದ್ದಿ, ಮುದ್ರಣಾಲಯಕ್ಕೆ ಒಪ್ಪಿಸಿದರೆ ಅವನ ಕರ್ತವ್ಯವು ಬಹುಮಟ್ಟಿಗೆ ಮುಗಿಯುತ್ತಿದ್ದಿತು. ಅಚ್ಚಿನ ಯಂತ್ರವು ಯಾವುದು, ಅದನ್ನು ಮಾಡಿದವರು ಯಾರು ಎಂಬ ವಿಚಾರವು ಅವನಿಗೆ ಬೇಕಾಗಿರಲಿಲ್ಲ. ಒಮ್ಮೆ ಕಾಗದದ ಮೇಲೆ ಮೂಡಿದ ಅಕ್ಷರವು ಯಂತ್ರವು ಸವೆದುಹೋದ ಮೇಲೆಯೂ ಉಳಿಯುತ್ತಿದ್ದಿತು. ಈಗಲಾದರೋ ನಿಘಂಟು, ಛಂದೋಗ್ರಂಥ, ಸಟೀಕ ಕಾವ್ಯ ಮೊದಲಾದುವನ್ನು ವಿದ್ಯಾರ್ಥಿಗಳು ಮೊಬೈಲಿನಲ್ಲಿಯೂ ಜಾಲತಾಣದಲ್ಲಿಯೂ ಓದಲಪೇಕ್ಷಿಸುತ್ತಾರೆ. ಅಲ್ಲಿ ಅಕ್ಷರವು ಓದುವ ಪ್ರತಿಯೊಂದು ಸಲವೂ ಯಂತ್ರದಿಂದ ಹೊಸದಾಗಿ ಬರೆಯಲ್ಪಡುತ್ತದೆ. ಬರೆಯುವ ಸಾಧನವು ನಿಂತುಹೋದರೆ ಗ್ರಂಥವೂ ಕಣ್ಮರೆಯಾಗುವುದು.

ಈ ಮಾತನ್ನು ಸ್ವಾನುಭವದಿಂದ ಹೇಳುತ್ತಿದ್ದೇನೆ. ನಾನೂ ನನ್ನ ಇಬ್ಬರು ಶಿಷ್ಯರೂ ಹಳಗನ್ನಡ ವ್ಯಾಕರಣದ ಪಾರಿಭಾಷಿಕ ಶಬ್ದಗಳನ್ನು ಕೆಲವು ವರ್ಷಗಳ ಕಾಲ ಸಂಗ್ರಹಿಸಿ, ಅರ್ಥ ಪ್ರಯೋಗಗಳೊಡನೆ ಒಂದು ಕೋಶವನ್ನಾಗಿ ಹವಣಿಸಿದ್ದೆವು. ಅದನ್ನು ಆ್ಯಪಿನ ರೂಪಕ್ಕೆ ತರಲು ಒಂದು ಸಂಸ್ಥೆಯವರಿಗೆ ಒಪ್ಪಿಸಿದೆವು. ಅವರೂ ಶ್ರದ್ಧೆಯಿಂದಲೇ ಮಾಡಿಕೊಟ್ಟರು. ಆದರೆ ಅವರು ಬಳಸಿದ ಸಾಧನವನ್ನು ಪೋಷಿಸುವವರು ಕೆಲಕಾಲದ ಮೇಲೆ ಇಲ್ಲವಾದರು. ಹೊಸ ಫೋನುಗಳಲ್ಲಿ ಆ್ಯಪು ತೆರೆಯದಾಯಿತು. ನಮ್ಮ ಶಬ್ದಗಳನ್ನಾದರೂ ಹಿಂದಕ್ಕೆ ಕೊಡಿರೆಂದು ಕೇಳಿದಾಗ, ಅವು ಕೋಡಿನ ಸಾಲುಗಳ ನಡುವೆ ಚೆದರಿಹೋಗಿವೆಯೆಂಬ ಉತ್ತರವು ಬಂದಿತು. ಹಸ್ತಪ್ರತಿಯನ್ನು ಮುಂದಿಟ್ಟುಕೊಂಡು ಆದ್ಯಂತವಾಗಿ ಮತ್ತೆ ಬೆರಳಚ್ಚು ಮಾಡಿದೆವು. ಇದರಲ್ಲಿ ಅವರ ತಪ್ಪಿಗಿಂತ ನನ್ನ ತಪ್ಪು ಹೆಚ್ಚು. ಕೆಲಸವನ್ನು ಒಪ್ಪಿಸುವಾಗ ಕೇಳತಕ್ಕ ಪ್ರಶ್ನೆಗಳನ್ನು ನಾನು ಕೇಳಿರಲಿಲ್ಲ. ಆ ಪ್ರಶ್ನೆಗಳು ಯಾವುವು, ಈಗ ಬಳಕೆಯಲ್ಲಿರುವ ಮುಖ್ಯ ಸಾಧನಗಳು ಅವಕ್ಕೆ ಯಾವ ಉತ್ತರವನ್ನು ಕೊಡುತ್ತವೆ ಎಂಬುದನ್ನು ವಿದ್ವಾಂಸರ ಮತ್ತು ಸಾಹಿತ್ಯೋಪಾಧ್ಯಾಯರ ಉಪಯೋಗಕ್ಕಾಗಿ ಯಥಾಮತಿ ನಿರೂಪಿಸುವುದೇ ಈ ಲೇಖನದ ಉದ್ದೇಶವು.

೨. ಬಹುವೇದಿಕೆಯ ಸಾಧನವೆಂದರೇನು

ಒಂದು ಕೋಶವನ್ನು ಎಲ್ಲರಿಗೂ ತಲಪಿಸಬೇಕಾದರೆ ಮೂರು ವೇದಿಕೆಗಳ ಮೇಲೆ ಅದನ್ನು ನಿಲ್ಲಿಸಬೇಕಾಗುವುದು. ಮೊದಲನೆಯದು ಆಂಡ್ರಾಯ್ಡ್, ಅದರ ಸಹಜ ಭಾಷೆಗಳು ಕಾಟ್ಲಿನ್ ಮತ್ತು ಜಾವಾ. ಎರಡನೆಯದು ಆ್ಯಪಲ್ ಸಂಸ್ಥೆಯ ಐಫೋನ್. ಅಲ್ಲಿ ಸ್ವಿಫ್ಟ್ ಎಂಬ ಭಾಷೆ. ಮೂರನೆಯದು ಬ್ರೌಸರ್, ಅಲ್ಲಿ ಪುಟದ ರಚನೆಗೆ ಎಚ್‌ಟಿಎಂಎಲ್, ಅಲಂಕಾರಕ್ಕೆ ಸಿಎಸ್‌ಎಸ್, ವ್ಯಾಪಾರಕ್ಕೆ ಜಾವಾಸ್ಕ್ರಿಪ್ಟ್. ಒಂದೊಂದಕ್ಕೂ ಬೇರೆಬೇರೆಯಾಗಿ ಬರೆದರೆ ಶ್ರಮವೂ ವ್ಯಯವೂ ಮೂರುಮಡಿಯಾಗುವುವು. ಒಂದು ಅರ್ಥವನ್ನು ತಿದ್ದಬೇಕಾದರೂ ಮೂರೆಡೆ ತಿದ್ದಬೇಕು. ಒಮ್ಮೆ ಬರೆದುದನ್ನೇ ಮೂರೆಡೆಗಳಲ್ಲಿಯೂ ನಡೆಯಿಸುವ ಸಾಧನವೇ ಬಹುವೇದಿಕೆಯ ಸಾಧನವು.

ವ್ಯಾಕರಣವನ್ನು ಓದಿದವರಿಗೆ ಇದು ಹೊಸ ವಿಷಯವಲ್ಲ. ಪಾಣಿನಿಯು ಸಾಮಾನ್ಯವಾದ ವಿಧಿಯನ್ನು ಒಮ್ಮೆ ಹೇಳಿ, ವಿಶೇಷವಿದ್ದಲ್ಲಿ ಮಾತ್ರ ಬಾಧಕವಾದ ಸೂತ್ರವನ್ನು ರಚಿಸಿದನು. ಮೊದಲನೆಯದು ಉತ್ಸರ್ಗ, ಎರಡನೆಯದು ಅಪವಾದ. ಬಹುವೇದಿಕೆಯ ಸಾಧನದಲ್ಲಿ ಮೂರು ವೇದಿಕೆಗಳಿಗೂ ಸಮಾನವಾದ ಕೋಡು ಉತ್ಸರ್ಗದ ಸ್ಥಾನದಲ್ಲಿರುವುದು. ಐಫೋನಿಗೆ ಮಾತ್ರ, ಆಂಡ್ರಾಯ್ಡಿಗೆ ಮಾತ್ರ ಎಂದು ಬರೆಯುವ ತುಣುಕುಗಳು ಅಪವಾದಗಳು. ಅಪವಾದಗಳು ಹೆಚ್ಚಿದಷ್ಟೂ ಲಾಘವವು ಕುಗ್ಗುವುದು. ಸಾಧನದ ಗುಣವನ್ನು ಅಳೆಯಲು ಇದು ಮೊದಲನೆಯ ಕೋಲು.

ಆದರೆ ಸಾಹಿತ್ಯಗ್ರಂಥಕ್ಕೆ ಇದಕ್ಕಿಂತ ಮುಖ್ಯವಾದ ಇನ್ನೊಂದು ಕೋಲುಂಟು. ತೆರೆಯ ಮೇಲೆ ಅಕ್ಷರವನ್ನು ಬರೆಯುವವರು ಯಾರು? ಬ್ರೌಸರೇ, ಫೋನಿನ ವ್ಯವಸ್ಥೆಯೇ, ಅಥವಾ ಸಾಧನವು ತಾನೇ? ಈ ಒಂದು ಪ್ರಶ್ನೆಯಿಂದ ಸಾಧನಗಳು ತಾವಾಗಿಯೇ ನಾಲ್ಕು ಮಾರ್ಗಗಳಾಗಿ ವಿಂಗಡವಾಗುತ್ತವೆ. ಮುಂದೆ ಕೊಟ್ಟಿರುವ ಮಾರ್ಗಗಳ ಹೆಸರುಗಳು ಸೌಕರ್ಯಕ್ಕಾಗಿ ನಾನು ಇಟ್ಟುಕೊಂಡವು.

೩. ಕವಚಮಾರ್ಗ: ಕಾರ್ಡೋವಾ ಮತ್ತು ಕೆಪ್ಯಾಸಿಟರ್

ಜಾಲಪುಟವನ್ನೇ ಆ್ಯಪಿನ ಕವಚದೊಳಗೆ ಇಡುವುದು ಮೊದಲನೆಯ ಮಾರ್ಗವು. ೨೦೦೮ರಲ್ಲಿ ಫೋನ್‌ಗ್ಯಾಪ್ ಎಂಬ ಹೆಸರಿನಿಂದ ಇದು ಆರಂಭವಾಯಿತು. ೨೦೧೧ರಲ್ಲಿ ಅಡೋಬಿ ಸಂಸ್ಥೆಯು ಅದರ ಕರ್ತೃಗಳಾದ ನಿಟೋಬಿಯವರನ್ನು ತನ್ನೊಳಗೆ ಸೇರಿಸಿಕೊಂಡಿತು. ಮೂಲ ಕೋಡು ಅಪಾಚೆ ಪ್ರತಿಷ್ಠಾನಕ್ಕೆ ಸಂದು ಕಾರ್ಡೋವಾ ಎನಿಸಿತು. ಐಯೋನಿಕ್ ಎಂಬುದು ೨೦೧೩ರಲ್ಲಿ ಇದರ ಆಶ್ರಯದಲ್ಲಿ ಹುಟ್ಟಿ, ಗುಂಡಿ ಪಟ್ಟಿ ಮೊದಲಾದ ಅಂಗಗಳನ್ನು ಒದಗಿಸಿತು. ಅದೇ ತಂಡವು ಕಾರ್ಡೋವಾದ ಸ್ಥಾನದಲ್ಲಿ ನಿಲ್ಲತಕ್ಕ ಕೆಪ್ಯಾಸಿಟರ್ ಎಂಬ ಹೊಸ ಕವಚವನ್ನು ರಚಿಸಿತು. ಅದರ ಮೊದಲನೆಯ ಸ್ಥಿರ ಆವೃತ್ತಿಯು ೨೦೧೯ರಲ್ಲಿ ಹೊರಬಿದ್ದಿತು.

ಈ ಮಾರ್ಗದಲ್ಲಿ ಅಕ್ಷರವನ್ನು ಬರೆಯುವುದು ಬ್ರೌಸರಿನ ಯಂತ್ರವೇ. ಆದಕಾರಣ ಗ್ರಂಥವು ಫೋನಿನಲ್ಲಿಯೂ ಜಾಲದಲ್ಲಿಯೂ ನಿಜವಾದ ಪಠ್ಯವಾಗಿಯೇ ಇರುತ್ತದೆ. ಪದವನ್ನು ಒತ್ತಿ ಹಿಡಿದು ಪ್ರತಿಮಾಡಿಕೊಳ್ಳಬಹುದು. ಜಾಲದ ಪುಟದಲ್ಲಿ ಬೇಕಾದ ಶಬ್ದವನ್ನು ಬ್ರೌಸರಿನಿಂದಲೇ ಹುಡುಕಬಹುದು. ಶೋಧಯಂತ್ರಗಳು ಅದನ್ನು ಓದಿ ಸೂಚಿಗೆ ಸೇರಿಸಬಲ್ಲವು. ಅಂಧರಾದ ಓದುಗರಿಗೆ ತೆರೆಯೋದುಗ ತಂತ್ರಾಂಶವು ಗಟ್ಟಿಯಾಗಿ ಓದಿ ಹೇಳಬಲ್ಲದು. ಪುಟಗಳು ಆ್ಯಪಿನೊಳಗೇ ಅಡಕವಾಗಿರುವುದರಿಂದ ಅಂತರ್ಜಾಲವಿಲ್ಲದ ಊರಿನಲ್ಲಿಯೂ ಕೋಶವು ತೆರೆಯುವುದು.

ದೋಷಗಳೂ ಉಂಟು. ಚಲನಚಿತ್ರದಂತೆ ಓಡುವ ದೃಶ್ಯಗಳಲ್ಲಿ ಇದು ಹಿಂದೆಬೀಳುವುದು. ಬಹು ಉದ್ದವಾದ ಪಟ್ಟಿಯನ್ನು ಒಮ್ಮೆಗೇ ತೆರೆದಿಟ್ಟರೆ ಹಳೆಯ ಫೋನು ಏದುಸಿರು ಬಿಡುವುದು. ಕ್ಯಾಮರಾ, ಧ್ವನಿಮುದ್ರಣ ಮುಂತಾದುವಕ್ಕೆ ಪ್ಲಗಿನ್ ಎಂಬ ಉಪಾಂಗಗಳು ಬೇಕು. ಅವುಗಳನ್ನು ನೋಡಿಕೊಳ್ಳುವವರು ಎಲ್ಲ ಕಾಲಕ್ಕೂ ಇರುವರೆಂಬ ನಂಬಿಕೆಯಿಲ್ಲ. ಬರಿಯ ಜಾಲತಾಣವನ್ನೇ ಪೊಟ್ಟಣ ಕಟ್ಟಿದಂತೆ ತೋರುವ ಆ್ಯಪನ್ನು ಆ್ಯಪಲ್ ಸಂಸ್ಥೆಯ ಪರೀಕ್ಷಕರು ನಿರಾಕರಿಸಬಹುದೆಂಬುದೂ ನೆನಪಿನಲ್ಲಿರತಕ್ಕದ್ದು.

೪. ದೂತಮಾರ್ಗ: ರಿಯಾಕ್ಟ್ ನೇಟಿವ್

ಎರಡನೆಯ ಮಾರ್ಗವನ್ನು ೨೦೧೫ರಲ್ಲಿ ಫೇಸ್‌ಬುಕ್ ಸಂಸ್ಥೆಯು ಲೋಕಕ್ಕೆ ಬಿಟ್ಟುಕೊಟ್ಟಿತು. ಇಲ್ಲಿ ಕೋಡನ್ನು ಜಾವಾಸ್ಕ್ರಿಪ್ಟಿನಲ್ಲಿ ಬರೆಯುತ್ತಾರೆ. ಆದರೆ ತೆರೆಯ ಮೇಲೆ ಕಾಣುವುದು ಜಾಲಪುಟವಲ್ಲ. ‘ಇಲ್ಲಿ ಇಂತಹ ಪಠ್ಯವಿರಲಿ’ ಎಂದು ಕೋಡು ಹೇಳಿಕಳುಹಿಸಿದರೆ, ಆಂಡ್ರಾಯ್ಡು ತನ್ನ ಪಠ್ಯಾಂಗವನ್ನೂ ಐಫೋನು ತನ್ನ ಪಠ್ಯಾಂಗವನ್ನೂ ತಂದು ನಿಲ್ಲಿಸುತ್ತವೆ. ಸಾಧನವು ನಡುವೆ ಓಡಾಡುವ ದೂತನಂತೆ. ಮೊದಲು ಈ ದೂತನು ಪ್ರತಿಯೊಂದು ಸಂದೇಶವನ್ನೂ ಪತ್ರವಾಗಿ ಬರೆದು ಒಯ್ಯುತ್ತಿದ್ದುದರಿಂದ ವಿಳಂಬವಾಗುತ್ತಿದ್ದಿತು. ಆಮೇಲೆ ನೇರವಾಗಿ ಸಂಭಾಷಿಸುವ ಹೊಸ ಏರ್ಪಾಟು ಸಿದ್ಧವಾಗಿ, ೨೦೨೪ರ ಅಕ್ಟೋಬರಿನ ಆವೃತ್ತಿಯಿಂದ ಅದೇ ಸಹಜಕ್ರಮವಾಯಿತು.

ಅಕ್ಷರವನ್ನು ಫೋನಿನ ವ್ಯವಸ್ಥೆಯೇ ಬರೆಯುವುದರಿಂದ ಕನ್ನಡವು ಆ ಫೋನಿನ ಇತರ ಆ್ಯಪುಗಳಲ್ಲಿ ಹೇಗೋ ಹಾಗೆಯೇ ಇಲ್ಲಿಯೂ ಕಾಣುವುದು. ಎರಡು ಫೋನುಗಳ ಫಾಂಟುಗಳು ಬೇರೆಯಾದ್ದರಿಂದ ಸಾಲು ಮುರಿಯುವ ಸ್ಥಾನವು ಭಿನ್ನವಾಗಬಹುದು; ಪದ್ಯಪಾಠಗಳಲ್ಲಿ ಇದು ಕಿರುಕುಳ ಕೊಡುವುದು. ಒಂದೇ ಫಾಂಟನ್ನು ಆ್ಯಪಿನೊಳಗೆ ಸೇರಿಸಿದರೆ ಈ ತೊಡಕು ಬಹುಮಟ್ಟಿಗೆ ನೀಗುವುದು. ಇನ್ನೊಂದು ಸೂಕ್ಷ್ಮವುಂಟು: ಪಠ್ಯವನ್ನು ಆಯ್ದು ಪ್ರತಿಮಾಡುವ ಶಕ್ತಿಯು ಇಲ್ಲಿ ತಾನಾಗಿ ಬರುವುದಿಲ್ಲ, ಬರೆಯುವವನು ಅದನ್ನು ಪ್ರತ್ಯೇಕವಾಗಿ ವಿಧಿಸಬೇಕು. ಕೇಳದಿದ್ದರೆ ಮರೆತಾರು. ಜಾಲಕ್ಕೆ ಬರುವಾಗ ‘ರಿಯಾಕ್ಟ್ ನೇಟಿವ್ ಫಾರ್ ವೆಬ್’ ಎಂಬ ಇನ್ನೊಂದು ಮುಕ್ತ ಸಾಧನವು ಅದೇ ಅಂಗಗಳನ್ನು ಜಾಲಪುಟದ ಅಂಗಗಳನ್ನಾಗಿ ಪರಿವರ್ತಿಸುವುದು; ಆದ್ದರಿಂದ ಅಲ್ಲಿಯೂ ಪಠ್ಯವು ಪಠ್ಯವಾಗಿಯೇ ಉಳಿಯುತ್ತದೆ.

೫. ಚಿತ್ರಕಾರಮಾರ್ಗ: ಫ್ಲಟರ್

ಮೂರನೆಯದು ಗೂಗಲ್ ಸಂಸ್ಥೆಯ ಫ್ಲಟರ್. ಇದರ ಮೊದಲನೆಯ ಸ್ಥಿರ ಆವೃತ್ತಿಯು ೨೦೧೮ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಜಾಲದ ಶಾಖೆಯು ೨೦೨೧ರಲ್ಲಿಯೂ, ಗಣಕಯಂತ್ರದ ಶಾಖೆಗಳು ೨೦೨೨ರಲ್ಲಿಯೂ ಸ್ಥಿರವಾದುವು. ಡಾರ್ಟ್ ಎಂಬ ಭಾಷೆಯಲ್ಲಿ ಬರೆದ ಕೋಡು ಫೋನಿನಲ್ಲಿ ನೇರವಾಗಿ ಯಂತ್ರಭಾಷೆಯಾಗಿ ಮಾರ್ಪಡುವುದು. ಈ ಸಾಧನವು ಫೋನಿನ ಅಂಗಗಳನ್ನು ಯಾಚಿಸುವುದಿಲ್ಲ. ಖಾಲಿಯಾದ ಫಲಕವೊಂದನ್ನು ಪಡೆದು ಗುಂಡಿ, ಗೆರೆ, ಅಕ್ಷರ ಎಲ್ಲವನ್ನೂ ತಾನೇ ಚಿತ್ರಿಸುತ್ತದೆ. ಆದ್ದರಿಂದ ಯಾವ ಫೋನಿನಲ್ಲಿ ನೋಡಿದರೂ ರೂಪವು ಒಂದೇ. ಅಪವಾದಸೂತ್ರಗಳು ಅತ್ಯಲ್ಪ, ಲಾಘವದಲ್ಲಿ ಇದಕ್ಕೇ ಅಗ್ರಸ್ಥಾನ. ಚಲನೆಯು ನಯವಾಗಿರುತ್ತದೆ. ಫೋನಿನ ಆ್ಯಪಿನಲ್ಲಿ ಕನ್ನಡದ ಒತ್ತಕ್ಷರಗಳೂ ಸರಿಯಾಗಿಯೇ ಮೂಡುತ್ತವೆ. ಹಾರ್ಫ್‌ಬಜ್ ಎಂಬ ಮುಕ್ತ ಲಿಪಿಯೋಜಕವನ್ನು ಇದೂ ಬಳಸುತ್ತದೆ.

ತೊಡಕು ಬರುವುದು ಜಾಲದಲ್ಲಿ. ಅಲ್ಲಿಯೂ ಫ್ಲಟರ್ ಪುಟವನ್ನು ರಚಿಸದೆ ಫಲಕದ ಮೇಲೆ ಚಿತ್ರವನ್ನು ಬರೆಯುತ್ತದೆ. ಓದುಗನ ಕಣ್ಣಿಗೆ ಅದು ಅಕ್ಷರ. ಬ್ರೌಸರಿನ ಪಾಲಿಗೆ ಅದು ಬಣ್ಣದ ಚುಕ್ಕೆಗಳ ಗುಂಪು. ಪುಟದೊಳಗೆ ಹುಡುಕುವ ಬ್ರೌಸರಿನ ಉಪಾಯವು ಅಲ್ಲಿ ನಡೆಯದು. ಶೋಧಯಂತ್ರಕ್ಕೆ ಪಠ್ಯವು ಸಿಕ್ಕದು. ತೆರೆಯೋದುಗಕ್ಕೆ ಬೇಕಾದ ಸೂಚನೆಗಳು ಮೊದಲಿಗೆ ಮುಚ್ಚಿದ್ದು, ಕೇಳಿ ತೆರೆಯಿಸಿಕೊಳ್ಳಬೇಕಾಗುತ್ತದೆ. ಮೊದಲು ಎಚ್‌ಟಿಎಂಎಲಿನ ಮೂಲಕ ಬರೆಯುವ ಇನ್ನೊಂದು ಕ್ರಮವೂ ಇದ್ದಿತು. ೨೦೨೫ರಲ್ಲಿ ಅದನ್ನು ತೆಗೆದುಹಾಕಿದರು. ಜೊತೆಗೆ, ಆ್ಯಪಿನೊಡನೆ ಕನ್ನಡ ಫಾಂಟನ್ನು ಕೊಡದಿದ್ದರೆ ಅದು ಜಾಲದಿಂದ ಇಳಿದುಬರುವವರೆಗೆ ಅಕ್ಷರಗಳ ಸ್ಥಾನದಲ್ಲಿ ಬರಿಯ ಚೌಕಗಳು ಕಾಣುವುವು. ಇದನ್ನು ನಿಂದೆಯೆಂದು ತಿಳಿಯಬಾರದು. ಲೇಖನಗಳಂತಹ ಪಠ್ಯಪ್ರಧಾನವಾದ ಪುಟಗಳಿಗೆ ಜಾಲದ ಸಹಜವಾದ ಕ್ರಮವೇ ಲೇಸೆಂದು ಫ್ಲಟರಿನ ಕರ್ತೃಗಳೇ ತಮ್ಮ ಕೈಪಿಡಿಯಲ್ಲಿ ಒಪ್ಪಿಕೊಂಡಿದ್ದಾರೆ.

೬. ಸಮಾನಬುದ್ಧಿಯ ಮಾರ್ಗ: ಕಾಟ್ಲಿನ್ ಮಲ್ಟಿಪ್ಲಾಟ್‌ಫಾರ್ಮ್

ನಾಲ್ಕನೆಯದು ಜೆಟ್‌ಬ್ರೈನ್ಸ್ ಸಂಸ್ಥೆಯದು. ೨೦೨೩ರ ನವೆಂಬರಿನಲ್ಲಿ ಸ್ಥಿರವೆಂದು ಘೋಷಿತವಾಯಿತು. ಇದರ ತತ್ತ್ವವು ಸಂಯಮದ್ದು. ಶಬ್ದವನ್ನು ಹುಡುಕುವುದು, ಅಕಾರಾದಿಯಾಗಿ ಜೋಡಿಸುವುದು ಮುಂತಾದ ಬುದ್ಧಿಯ ಭಾಗವನ್ನು ಒಮ್ಮೆ ಬರೆದು, ಕಣ್ಣಿಗೆ ಕಾಣುವ ಭಾಗವನ್ನು ಆಯಾ ವೇದಿಕೆಗೆ ಬಿಟ್ಟುಬಿಡುವುದು. ಕಾಣುವ ಭಾಗವನ್ನೂ ಒಂದಾಗಿಸಬೇಕೆಂಬವರಿಗೆ ‘ಕಂಪೋಸ್ ಮಲ್ಟಿಪ್ಲಾಟ್‌ಫಾರ್ಮ್’ ಉಂಟು. ಐಫೋನಿನಲ್ಲಿ ಅದು ೨೦೨೫ರ ಮೇ ತಿಂಗಳಿನಲ್ಲಿ ಸ್ಥಿರವಾಯಿತು. ಅದರ ಜಾಲಶಾಖೆಯು ಫ್ಲಟರಿನಂತೆಯೇ ಫಲಕದ ಮೇಲೆ ಚಿತ್ರಿಸುವುದರಿಂದ ಮೇಲೆ ಹೇಳಿದ ಆಕ್ಷೇಪವು ಇಲ್ಲಿಯೂ ತಟ್ಟುವುದು. ಆಂಡ್ರಾಯ್ಡಿನಲ್ಲಿ ನುರಿತ ತಂಡವಿರುವವರಿಗೆ ಇದು ಹಿತವಾದ ಮಾರ್ಗ. ಇಬ್ಬರು ಮೂವರು ಸೇರಿ ಮಾಡುವ ಕೋಶಕಾರ್ಯಕ್ಕೆ ಭಾರವಾದೀತು.

೭. ಕನ್ನಡ ಲಿಪಿಯ ಪರೀಕ್ಷೆ

ಅಕ್ಷರವನ್ನು ಬರೆಯುವವರು ಯಾರೆಂಬ ಪ್ರಶ್ನೆಗೆ ನಮ್ಮ ಲಿಪಿಯಲ್ಲಿ ಏಕೆ ಇಷ್ಟು ಬೆಲೆಯೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ‘ಕೀರ್ತಿ’ ಎಂಬ ಶಬ್ದವನ್ನು ಯೂನಿಕೋಡ್ ಕ್ರಮದಲ್ಲಿ ಇಡುವಾಗ ರೇಫವು ತಕಾರಕ್ಕಿಂತ ಮೊದಲು ಇರುತ್ತದೆ, ಉಚ್ಚಾರಣೆಯೂ ಹಾಗೆಯೇ. ತೆರೆಯ ಮೇಲಾದರೋ ರೇಫವು ಅರ್ಕಾವತ್ತಾಗಿ ತಿಕಾರದ ಬಳಿಕ ಕಾಣಬೇಕು. ಈ ಸ್ಥಾನಪಲ್ಲಟವನ್ನು ಮಾಡುವುದು ಲಿಪಿಯೋಜಕದ ಕೆಲಸ. ಸಾಧನವು ಸಮರ್ಥವಾದ ಯೋಜಕವನ್ನು ಬಳಸಿದರೆ ಅಕ್ಷರವು ಸರಿಯಾಗುವುದು. ಇಲ್ಲವಾದರೆ ಅರ್ಧಾಕ್ಷರಗಳು ಚೆಲ್ಲಾಪಿಲ್ಲಿಯಾಗುವುವು.

ಹಳಗನ್ನಡದ ಗ್ರಂಥಗಳಿಗೆ ಇನ್ನೊಂದು ಕಷ್ಟವುಂಟು. ಶಕಟರೇಫವಾದ ‘ಱ’ಕಾರವೂ ರಳವಾದ ‘ೞ’ಕಾರವೂ ಇಲ್ಲದೆ ಅವುಗಳ ಪಾಠವು ಶುದ್ಧವಾಗದು. ಕೇಶಿರಾಜನು ರಳ ಕುಳ ಕ್ಷಳಗಳ ಭೇದವನ್ನು ಅಷ್ಟು ಶ್ರಮವಹಿಸಿ ವಿವೇಚಿಸಿದುದು ನಮಗೆ ವಿದಿತವಷ್ಟೆ. ಯೂನಿಕೋಡಿನಲ್ಲಿ ಈ ‘ೞ’ಕಾರಕ್ಕೆ ಸ್ಥಾನವು ದೊರೆತಿದೆ; ಆದರೆ ಹೆಸರಿಡುವಾಗ ಪ್ರಮಾದವುಂಟಾಗಿ ಅದನ್ನು ‘ಫ’ ಎಂಬ ಅಕ್ಷರವೆಂದು ಕರೆದಿದ್ದಾರೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಯೂನಿಕೋಡಿನ ನಿಯಮ. ಆದುದರಿಂದ ತಪ್ಪಾಯಿತೆಂಬ ಟಿಪ್ಪಣಿಯೊಡನೆ ಆ ಹೆಸರೇ ನಿಂತಿದೆ. ಹೆಸರನ್ನು ನಂಬಿದ ಯುವಕರು ಈ ಅಕ್ಷರವನ್ನು ನಿಷ್ಪ್ರಯೋಜಕವೆಂದು ಬಗೆದರೆ ಆಶ್ಚರ್ಯವಿಲ್ಲ. ಆದುದರಿಂದ ಕೆಲಸವನ್ನು ಒಪ್ಪಿಕೊಳ್ಳುವ ಮುನ್ನ ‘ಱ’, ‘ೞ’, ಅವಗ್ರಹವಾದ ‘ಽ’, ಅರ್ಕಾವತ್ತು, ಮೂರು ವ್ಯಂಜನಗಳ ಸಂಯೋಗ, ಇವಿಷ್ಟೂ ಇರುವ ಒಂದು ಪುಟವನ್ನು ಕೊಟ್ಟು, ಎರಡು ಬಗೆಯ ಫೋನಿನಲ್ಲಿಯೂ ಬ್ರೌಸರಿನಲ್ಲಿಯೂ ತೋರಿಸಿರೆಂದು ಕೇಳತಕ್ಕದ್ದು. ತೋರಿಸಿದ ಮೇಲೆ ಒಂದು ಪದವನ್ನು ಪ್ರತಿಮಾಡಿ ಬೇರೆಡೆ ಅಂಟಿಸಿ ನೋಡತಕ್ಕದ್ದು; ಅಕ್ಷರವನ್ನು ದೊಡ್ಡದು ಮಾಡಿ ನೋಡತಕ್ಕದ್ದು. ನನ್ನಂತಹ ಕನ್ನಡಕಧಾರಿಗಳಿಗೆ ಈ ಕೊನೆಯದು ಅಲ್ಪವಾದ ಗುಣವಲ್ಲ.

೮. ಲೈಸೆನ್ಸು ಮತ್ತು ಪೋಷಕರು

ಇಲ್ಲಿ ಹೇಳಿದ ಸಾಧನಗಳೆಲ್ಲವೂ ಮುಕ್ತವಾದವು. ಐಯೋನಿಕ್, ಕೆಪ್ಯಾಸಿಟರ್, ರಿಯಾಕ್ಟ್ ನೇಟಿವ್ ಇವು ಎಂಐಟಿ ಲೈಸೆನ್ಸಿನವು. ಫ್ಲಟರ್ ಬಿಎಸ್‌ಡಿ ಲೈಸೆನ್ಸಿನದು. ಕಾರ್ಡೋವಾ, ಕಾಟ್ಲಿನ್ ಇವು ಅಪಾಚೆ ಲೈಸೆನ್ಸಿನವು. ಕರ್ತೃವಿನ ಹೆಸರನ್ನೂ ಲೈಸೆನ್ಸಿನ ಒಕ್ಕಣೆಯನ್ನೂ ಉಳಿಸಿಕೊಂಡು ಬಳಸಲು, ತಿದ್ದಲು, ಹಂಚಲು, ಮಾರಲು ಸಹ ಇವು ಅನುಮತಿಸುತ್ತವೆ. ಲೈಸೆನ್ಸನ್ನು ಓದುವ ಅಭ್ಯಾಸವು ವ್ಯರ್ಥವಲ್ಲ. ರಿಯಾಕ್ಟಿನ ಲೈಸೆನ್ಸಿನೊಡನೆ ಪೇಟೆಂಟಿಗೆ ಸಂಬಂಧಿಸಿದ ಒಂದು ನಿಬಂಧನೆಯಿದ್ದಿತು. ಅಪಾಚೆ ಪ್ರತಿಷ್ಠಾನವು ಅದನ್ನು ತನ್ನ ಯೋಜನೆಗಳಲ್ಲಿ ಬಳಸಬಾರದೆಂದು ೨೦೧೭ರಲ್ಲಿ ವಿಧಿಸಿದ ಮೇಲೆ, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಫೇಸ್‌ಬುಕ್ ಆ ನಿಬಂಧನೆಯನ್ನು ಬಿಟ್ಟು ಎಂಐಟಿ ಲೈಸೆನ್ಸನ್ನು ಸ್ವೀಕರಿಸಿತು.

ಆದರೆ ಮುಕ್ತವೆಂದ ಮಾತ್ರಕ್ಕೆ ಚಿರಂಜೀವಿಯೆಂದು ತಿಳಿಯಬಾರದು. ಅಡೋಬಿ ಸಂಸ್ಥೆಯು ೨೦೨೦ರಲ್ಲಿ ಫೋನ್‌ಗ್ಯಾಪನ್ನು ಕೈಬಿಟ್ಟಿತು. ಮೈಕ್ರೋಸಾಫ್ಟಿನ ಆಶ್ರಯದಲ್ಲಿದ್ದ ಝಾಮರಿನ್ ಎಂಬ ಪ್ರಸಿದ್ಧ ಸಾಧನದ ಪೋಷಣೆಯು ೨೦೨೪ರ ಮೇ ೧ರಂದು ನಿಂತಿತು. ಐಯೋನಿಕ್ ಸಂಸ್ಥೆಯನ್ನು ೨೦೨೨ರಲ್ಲಿ ಔಟ್‌ಸಿಸ್ಟಮ್ಸ್ ಎಂಬುದು ಕೊಂಡುಕೊಂಡಿತು; ೨೦೨೫ರಲ್ಲಿ ಅದರ ವಾಣಿಜ್ಯಸೇವೆಗಳನ್ನು ಕ್ರಮವಾಗಿ ನಿಲ್ಲಿಸಿ ಮುಕ್ತ ಸಾಧನಗಳನ್ನು ಮಾತ್ರ ಮುಂದುವರಿಸುವುದಾಗಿ ಪ್ರಕಟಣೆಯಾಯಿತು. ರಿಯಾಕ್ಟ್ ಮತ್ತು ರಿಯಾಕ್ಟ್ ನೇಟಿವ್‌ಗಳನ್ನು ಲಿನಕ್ಸ್ ಪ್ರತಿಷ್ಠಾನದ ಆಶ್ರಯದಲ್ಲಿ ಪ್ರತ್ಯೇಕ ಪ್ರತಿಷ್ಠಾನವೊಂದಕ್ಕೆ ಒಪ್ಪಿಸುವುದಾಗಿ ೨೦೨೫ರ ಅಕ್ಟೋಬರಿನಲ್ಲಿ ಘೋಷಿಸಿದರು. ರಾಜಾಶ್ರಯವು ತಪ್ಪಿದ ಕವಿಗಳ ಕಥೆ ನಮಗೆ ಗೊತ್ತು. ಮುಕ್ತ ಲೈಸೆನ್ಸಿನಿಂದ ದೊರೆಯುವ ಅಭಯವು ಇಷ್ಟು: ಆಶ್ರಯದಾತನು ಹೋದರೂ ಕೋಡು ಲೋಕದಲ್ಲಿ ಉಳಿಯುವುದು; ಅದನ್ನು ಎತ್ತಿ ಸಾಕುವವರು ಬಂದಾರೆಂಬುದು ಆಶೆ ಮಾತ್ರ.

೯. ಆಕ್ಷೇಪ ಮತ್ತು ಸಮಾಧಾನ

‘ಸೊಗಸಿನಲ್ಲಿಯೂ ವೇಗದಲ್ಲಿಯೂ ಮೇಲಾದ ಸಾಧನವನ್ನು ಬಿಟ್ಟು, ಹಳೆಯ ಜಾಲಪುಟವನ್ನೇ ಹೊಗಳುವುದು ಪಂಡಿತರ ಪ್ರಾಚೀನಪ್ರೇಮವಲ್ಲವೇ?’ ಎಂದು ಯಾರಾದರೂ ಕೇಳಬಹುದು. ಇದಕ್ಕೆ ಸಮಾಧಾನವು: ಪ್ರಯೋಜನವನ್ನನುಸರಿಸಿ ಸಾಧನವು. ಮಕ್ಕಳಿಗೆ ಅಕ್ಷರದ ತಿರುವುಗಳನ್ನು ಬೆರಳಿನಿಂದ ತಿದ್ದಿಸುವ ಆಟ, ಲಯಕ್ಕೆ ಸರಿಯಾಗಿ ಗುರು ಲಘುಗಳು ಮಿನುಗುವ ಛಂದಸ್ಸಿನ ಪಾಠ ಇಂತಹವಕ್ಕೆ ಫ್ಲಟರನ್ನೇ ನಾನೂ ಆರಿಸುವೆನು. ಅಲ್ಲಿ ನೋಟವೂ ಚಲನೆಯೂ ಪ್ರಧಾನ. ಕೋಶ, ಪಾಠಾಂತರಸಹಿತವಾದ ಕಾವ್ಯ, ವ್ಯಾಖ್ಯಾನ ಇವುಗಳಲ್ಲಿ ಪದವೇ ಪ್ರಧಾನ. ಅದನ್ನು ಹುಡುಕಬೇಕು, ಉದ್ಧರಿಸಬೇಕು, ಇನ್ನೊಂದರೊಡನೆ ಹೋಲಿಸಬೇಕು. ಚಿತ್ರವಾದ ಪದವು ಇವಾವುದಕ್ಕೂ ಒದಗದು. ಆದುದರಿಂದ ಇವಕ್ಕೆ ಕೆಪ್ಯಾಸಿಟರಿನ ಕವಚಮಾರ್ಗವೇ ಉತ್ತಮವೆಂದೂ, ಜಾವಾಸ್ಕ್ರಿಪ್ಟು ಬಲ್ಲ ತಂಡವಿದ್ದು ಫೋನಿನಲ್ಲಿ ಹೆಚ್ಚಿನ ನಯವು ಬೇಕಾದರೆ ರಿಯಾಕ್ಟ್ ನೇಟಿವ್ ಮಧ್ಯಮಮಾರ್ಗವೆಂದೂ ನನ್ನ ನಿರ್ಣಯವು.

೧೦. ಉಪಸಂಹಾರ

ಇಷ್ಟೆಲ್ಲವನ್ನೂ ವಿಚಾರಿಸಿದ ಮೇಲೆ ಉಳಿಯುವ ಮಾತು ಒಂದೇ. ಯಾವ ಸಾಧನವನ್ನು ಆರಿಸಿದರೂ ಅದು ಒಂದು ದಿನ ಹೋಗತಕ್ಕದ್ದೆಂದು ತಿಳಿದೇ ಆರಿಸಬೇಕು. ಗ್ರಂಥವನ್ನು ಅದರೊಳಗೆ ಹೂಳಬಾರದು. ಶಬ್ದ, ಅರ್ಥ, ಪ್ರಯೋಗಗಳು ಯೂನಿಕೋಡಿನ ಸಾದಾ ಕಡತದಲ್ಲಿ ಬೇರೆಯಾಗಿ ಇರಬೇಕು. ಆ್ಯಪು ಅದನ್ನು ಓದಿ ತೋರಿಸುವ ಪರಿಚಾರಕನಾಗಿರಬೇಕು. ಇದಕ್ಕೆ ನಮ್ಮಲ್ಲಿಯೇ ಒಳ್ಳೆಯ ನಿದರ್ಶನವಿದೆ. ಶ್ರೀ ವಿ. ಕೃಷ್ಣ ಅವರು ದಶಕಗಳ ಕಾಲ ಏಕಾಕಿಯಾಗಿ ಸಂಕಲಿಸಿದ, ೧,೫೦,೦೦೦ಕ್ಕೂ ಮೀರಿದ ಶಬ್ದಗಳುಳ್ಳ ‘ಅಲರ್’ ಎಂಬ ಕನ್ನಡ ಇಂಗ್ಲಿಷ್ ಕೋಶವು ೨೦೧೯ರಲ್ಲಿ ಜಾಲದಲ್ಲಿ ಪ್ರಕಟವಾಯಿತು. ಅದನ್ನು ತೋರಿಸುವ ತಂತ್ರಾಂಶವೂ ಮುಕ್ತ, ಕೋಶದ ಶಬ್ದರಾಶಿಯೂ ಪ್ರತ್ಯೇಕವಾಗಿ ಮುಕ್ತ. ನಾಳೆ ಆ ತಂತ್ರಾಂಶವು ಇಲ್ಲವಾದರೂ ಶಬ್ದರಾಶಿಗೆ ಕುಂದಿಲ್ಲ. ಬೇರೊಬ್ಬರು ಬೇರೊಂದು ಸಾಧನದಿಂದ ಅದನ್ನು ಮತ್ತೆ ತೆರೆದಿಡಬಹುದು.

ನಮ್ಮ ಪೂರ್ವಿಕರು ಓಲೆಯು ಹುಳುಹಿಡಿಯುವ ಮುನ್ನ ಹೊಸ ಓಲೆಗೆ ಪ್ರತಿಮಾಡಿದರು. ಅದರಿಂದಲೇ ಕಾವ್ಯಗಳು ನಮ್ಮ ಕೈಸೇರಿದುವು. ನಮ್ಮ ಚಿಕ್ಕ ಕೋಶವನ್ನು ನಾವು ಈಗ ಸಾದಾ ಕಡತವಾಗಿ ಬರೆದು ಮೂರೆಡೆಗಳಲ್ಲಿ ಇರಿಸಿದ್ದೇವೆ. ಅದರ ಮೇಲೆ ಜಾಲಪುಟವನ್ನೂ, ಅದಕ್ಕೆ ಕೆಪ್ಯಾಸಿಟರಿನ ಕವಚವನ್ನೂ ತೊಡಿಸುವ ಕೆಲಸವನ್ನು ಶಿಷ್ಯರು ಆರಂಭಿಸಿದ್ದಾರೆ. ಗ್ರಂಥಗಳನ್ನು ಈ ಹೊಸ ರೂಪಕ್ಕೆ ತರಲುದ್ಯುಕ್ತರಾದ ಸಹೋದ್ಯೋಗಿಗಳು ಕೆಲಸವನ್ನು ಒಪ್ಪಿಸುವ ದಿನವೇ ಮೂರು ಪ್ರಶ್ನೆಗಳನ್ನು ಕೇಳಬೇಕೆಂದು ವಿಜ್ಞಾಪಿಸಿಕೊಳ್ಳುತ್ತೇನೆ. ಅಕ್ಷರವನ್ನು ಬರೆಯುವವರು ಯಾರು? ಸಾಧನವನ್ನು ಸಾಕುವವರು ಯಾರು? ಸಾಧನವು ಹೋದಮೇಲೆ ನನ್ನ ಪಾಠವು ಎಲ್ಲಿರುವುದು? ಮೂರನೆಯದಕ್ಕೆ ನಿಶ್ಚಿತವಾದ ಉತ್ತರವು ಬರುವವರೆಗೆ ಹಸ್ತಪ್ರತಿಯನ್ನು ಕೈಬಿಡಬಾರದು.